ಕಾಕಾನ ನೋಟ್‌ಬುಕ್ಕು, ನನ್ನ ಡಿಮ್ಯಾಟು

2022ರ ಯುಗಾದಿಗೆ ಸೈದಾಪುರಕ್ಕೆ ಹೋಗಿದ್ದೆ. ನಮ್ಮ ಕಡೆ ಹೊಲದ ಲಾವಣಿ ಮಾತುಕತೆ ನಡೆಯೋದೇ ಯುಗಾದಿ ಹೊತ್ತಿಗೆ. ಹೋಳಿಗೆ ಉಂಡು ಕೈ ತೊಳೆದು ಕಟ್ಟೆ ಮೇಲೆ ಕೂತರೆ ಸಾಕು, ಯಾರ ಹೊಲ ಯಾರಿಗೆ, ಎಕರೆಗೆ ಎಷ್ಟು ಅನ್ನೋದೇ ಸುದ್ದಿ. ಆ ವರ್ಷ ಹತ್ತಿ ಕ್ವಿಂಟಲಿಗೆ ಹತ್ತು ಸಾವಿರ ದಾಟಿತ್ತು. ಊರಿಗೆ ಊರೇ ಹತ್ತಿಯ ಅಮಲಿನಲ್ಲಿತ್ತು ಅಂದ್ರೂ ತಪ್ಪಿಲ್ಲ. ನಮ್ಮ ಹೊಲದ ಪಕ್ಕದ ಆರು ಎಕರೆ ಲಾವಣಿಗೆ ಬಂದಿತ್ತು. ಮಾಲೀಕರು ಕೇಳಿದ್ದು ಎಕರೆಗೆ 20 ಸಾವಿರ, ಮೂರು ವರ್ಷಕ್ಕೆ ಕರಾರು. ಕಾಕಾ 12ರ ಮೇಲೆ ಒಂದು ಪೈಸೆ ಏರಲಿಲ್ಲ.

"ಯಾಕ್ ಕಾಕಾ, ಈ ರೇಟಿಗೆ 20 ಕೊಟ್ರೂ ಲಾಭನೇ ಅಲ್ಲೇನು?" ಅಂದೆ.

"ಒಂದ್ ವರ್ಷದ ರೇಟ್ ನೋಡಿ ಮೂರ್ ವರ್ಷದ ಲಾವಣಿ ಹ್ಯಾಂಗ್ ಕಟ್ಲಿ? ಹತ್ತ್ ವರ್ಷದಾಗ ಹತ್ತಿ ಹತ್ತ್ ಸಾವಿರ ಎಷ್ಟ್ ಸಲ ಆಗ್ಯದ, ಹೇಳು ನೋಡೋಣ?"

ಉತ್ತರ ನನಗೂ ಗೊತ್ತಿತ್ತು: ಒಂದೇ ಸಲ. ಅದೂ ಆ ವರ್ಷವೇ. ಹೊಲ ಬೇರೆಯವರ ಪಾಲಾಯಿತು. ಕಾಕಾನಿಗೆ ವಯಸ್ಸಾಯ್ತು, ಧೈರ್ಯ ಕಮ್ಮಿ ಆಯ್ತು ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಯಾಕಂದ್ರೆ ಅದೇ ವಾರ, ಬೆಂಗಳೂರಿನ ರೂಮಿನಲ್ಲಿ ಕೂತು, ನಾನು ಭಾರೀ ಧೈರ್ಯದ ಕೆಲಸ ಮಾಡಿ ಬಂದಿದ್ದೆ. ತಂಗಿಯ ನರ್ಸಿಂಗ್ ಕಾಲೇಜಿನ ಫೀಸಿಗೆ ಅಂತ ಎತ್ತಿಟ್ಟಿದ್ದ 2 ಲಕ್ಷ 40 ಸಾವಿರ ರೂಪಾಯಿಯನ್ನು ಒಂದು ಲೋಹದ ಕಂಪನಿಯ ಷೇರಿಗೆ ಹಾಕಿದ್ದೆ. ಕಂಪನಿಯ ಹೆಸರು ಬೇಡ, ತಪ್ಪು ಅದರದ್ದಲ್ಲ. ಆ್ಯಪ್‌ನಲ್ಲಿ ಅದರ ಪಿಇ ಅನುಪಾತ 6 ಅಂತ ತೋರಿಸುತ್ತಿತ್ತು. "ಪಿಇ 15ಕ್ಕಿಂತ ಕಮ್ಮಿ ಇದ್ರೆ ಅಗ್ಗ" ಅಂತ ಎಲ್ಲೋ ಓದಿದ್ದೆ. ಆರು ಅಂದ್ರೆ? ಲೂಟಿ ಅಂದುಕೊಂಡೆ.

ಮೇ 21, ಶನಿವಾರ ಸಂಜೆ ಕೇಂದ್ರ ಸರ್ಕಾರ ಹಲವು ಬಗೆಯ ಉಕ್ಕಿನ ರಫ್ತಿಗೆ ಶೇ 15ರಷ್ಟು ಸುಂಕ ಹಾಕಿತು. ಸೋಮವಾರ ಬೆಳಗ್ಗೆ ದೊಡ್ಡ ದೊಡ್ಡ ಸ್ಟೀಲ್ ಷೇರುಗಳು ಒಂದೇ ದಿನ ಶೇ 10ಕ್ಕಿಂತ ಹೆಚ್ಚು ಬಿದ್ದವು. ಜೂನ್ ಪೂರ್ತಿ ಇಳಿಜಾರು. ಜುಲೈನಲ್ಲಿ ಫೀಸ್ ಕಟ್ಟುವ ದಿನ ಬಂತು. ಮಾರಿದಾಗ ಕೈಗೆ ಬಂದಿದ್ದು ಒಂದೂವರೆ ಲಕ್ಷಕ್ಕೆ ಸ್ವಲ್ಪ ಮೇಲೆ. ಉಳಿದಿದ್ದನ್ನು ಕೊಟ್ಟವನು, ಮತ್ಯಾರು, ಕಾಕಾನೇ. ಬೈಯಲಿಲ್ಲ. "ಏನ್ ನೋಡಿ ತಗೊಂಡಿದ್ದಿ?" ಅಂತ ಮಾತ್ರ ಕೇಳಿದ. ಪಿಇ ಅಂದ್ರೇನು ಅಂತ ವಿವರಿಸಿದೆ. ಷೇರಿನ ಬೆಲೆಯನ್ನು ಒಂದು ಷೇರಿಗೆ ಬಂದ ವರ್ಷದ ಲಾಭದಿಂದ ಭಾಗಿಸೋದು, ಅಷ್ಟೇ.

"ಯಾವ ವರ್ಷದ ಲಾಭ?"

"ಹೋದ ವರ್ಷದ್ದು."

"ಒಂದ್ ವರ್ಷದ್ದಾ?" ಅಂದು ಸುಮ್ಮನಾದ. ಆ ಸುಮ್ಮನಾಗುವಿಕೆ ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಕಡಿಮೆ ಪಿಇ ಎಂಬ ಗುಂಡಿ

ಉಕ್ಕು, ಸಿಮೆಂಟು, ಸಕ್ಕರೆ, ಕಾಗದ, ರಾಸಾಯನಿಕ, ಇವೆಲ್ಲ ಏರಿಳಿತದ ಉದ್ಯಮಗಳು. ನಮ್ಮ ತೊಗರಿ, ಹತ್ತಿ ಇದ್ದ ಹಾಗೆ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಆಗಿದ್ದು ನಿಮಗೂ ನೆನಪಿರಬಹುದು. ಅದನ್ನು ನೋಡಿ ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಚೆನ್ನಾಗಾಯಿತು, 2017ರ ಶುರುವಿನಲ್ಲಿ ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಕೆಳಗೆ ಹೋಗಿ ಖರೀದಿ ಕೇಂದ್ರಗಳ ಮುಂದೆ ಚೀಲಗಳ ಸಾಲು ನಿಂತಿತ್ತು. ಬೆಲೆ ಏರಿದಾಗ ಎಲ್ಲರೂ ನುಗ್ಗೋದು, ಮಾಲು ಹೆಚ್ಚಾಗೋದು, ಬೆಲೆ ಬೀಳೋದು. ಉಕ್ಕಿನದ್ದೂ ಇದೇ ಕಥೆ. ವ್ಯತ್ಯಾಸ ಏನಂದ್ರೆ ಅಲ್ಲಿ ಬೀಜದ ಚೀಲದ ಬದಲು ಬ್ಲಾಸ್ಟ್ ಫರ್ನೇಸ್.

ಇಂಥ ಕಂಪನಿಯ ಲಾಭ ಶಿಖರದಲ್ಲಿದ್ದಾಗ ಪಿಇಯ ಕೆಳಗಿನ ಸಂಖ್ಯೆ ಉಬ್ಬಿರುತ್ತೆ, ಹಾಗಾಗಿ ಪಿಇ ಕಡಿಮೆ ಕಾಣುತ್ತೆ. ಲಾಭ ಪಾತಾಳದಲ್ಲಿದ್ದಾಗ ಪಿಇ ಹೆಚ್ಚು ಕಾಣುತ್ತೆ. ಅಂದ್ರೆ ಕೊಳ್ಳಬಾರದ ಹೊತ್ತಲ್ಲಿ 'ಅಗ್ಗ' ಅನ್ನುತ್ತೆ, ನೋಡಬೇಕಾದ ಹೊತ್ತಲ್ಲಿ 'ತುಟ್ಟಿ' ಅಂತ ಓಡಿಸುತ್ತೆ.

ನಮ್ಮ ಕಲ್ಯಾಣ ಕರ್ನಾಟಕದ್ದೇ ಉದಾಹರಣೆ ತಗೊಳ್ಳೋಣ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಸ್ಟೀಲ್‌ನ ವಿಜಯನಗರ ಕಾರ್ಖಾನೆ ಇದೆ. ನಮ್ಮ ಭಾಗದ ಹುಡುಗರಿಗೆ ಗೊತ್ತಿರೋ ದೊಡ್ಡ ಕಾರ್ಖಾನೆ ಅಂದ್ರೆ ಅದೇ. ಈ ಕಂಪನಿ ಅಂಗಸಂಸ್ಥೆಗಳನ್ನೂ ಸೇರಿಸಿ ಗಳಿಸಿದ ನಿವ್ವಳ ಲಾಭ 2016-17ರಲ್ಲಿ ಸುಮಾರು 3,500 ಕೋಟಿ ರೂಪಾಯಿ. ಮರುವರ್ಷ 6,200, ಅದರ ಮರುವರ್ಷ 7,600. ಕೋವಿಡ್ ಬಾಗಿಲಿಗೆ ಬಂದ 2019-20ರಲ್ಲಿ 4,000ಕ್ಕೆ ಇಳಿಯಿತು. 2020-21ರಲ್ಲಿ 7,900. ಆಮೇಲೆ ಬಂತು ನೋಡಿ 2021-22: ಜಗತ್ತು ಲಾಕ್‌ಡೌನ್‌ನಿಂದ ಎದ್ದು ಒಮ್ಮೆಗೇ ಉಕ್ಕು ಕೇಳಿತು, ದರ ಹಾರಿತು, ಲಾಭ ಸುಮಾರು 20,700 ಕೋಟಿ! ಮರುವರ್ಷ ರಫ್ತು ಸುಂಕ, ಉಕ್ರೇನ್ ಯುದ್ಧದಿಂದ ತುಟ್ಟಿಯಾದ ಕೋಕಿಂಗ್ ಕಲ್ಲಿದ್ದಲು, ಎರಡೂ ಸೇರಿ ಮತ್ತೆ 4,100. (ಆ ಸುಂಕವನ್ನು ಅದೇ ನವೆಂಬರಿನಲ್ಲಿ ತೆಗೆದರು.) 2023-24ರಲ್ಲಿ 8,800, 2024-25ರಲ್ಲಿ 3,500.

ಈಗ ಪ್ರತಿ ಮಾರ್ಚ್ ಕೊನೆಯ ಷೇರು ಬೆಲೆಯನ್ನು ಆ ವರ್ಷದ ಲಾಭಕ್ಕೆ ಹಚ್ಚಿ ನೋಡಿ. 2022ರಲ್ಲಿ ಷೇರು ಸುಮಾರು 733 ರೂಪಾಯಿ, ಪಿಇ ಎಂಟೂವರೆ. 2023ರಲ್ಲಿ 688 ರೂಪಾಯಿ, ಪಿಇ 40. 2024ರಲ್ಲಿ 830, ಪಿಇ 23. 2025ರಲ್ಲಿ 1,063, ಪಿಇ 74. ಕಾರ್ಖಾನೆ ಅದೇ, ಕುಲುಮೆ ಅದೇ, ಅದಿರೂ ಬಹುಪಾಲು ಅದೇ ಸಂಡೂರು ಕಡೆಯದ್ದು. ಮೂರೇ ವರ್ಷದಲ್ಲಿ ಅದರ 'ಬೆಲೆಬಾಳುವಿಕೆ' ಎಂಟೂವರೆಯಿಂದ ಎಪ್ಪತ್ನಾಲ್ಕಕ್ಕೆ ಜಿಗಿಯೋದು ಸಾಧ್ಯವಾ? ಇಲ್ಲ. ಅಳತೆ ಕೋಲೇ ಹಿಗ್ಗಿ ಕುಗ್ಗುತ್ತಿದೆ.

ಆಳಿನ ಲೆಕ್ಕ

ಇಷ್ಟೆಲ್ಲ ನನಗೆ ಆ ಜುಲೈನಲ್ಲಿ ತಿಳಿದಿರಲಿಲ್ಲ. ತಿಳಿಯೋಕೆ ಶುರುವಾಗಿದ್ದು ಕಾಕಾನ ನೋಟ್‌ಬುಕ್ಕಿನಿಂದ. ಉದ್ದನೆಯ ಕೆಂಪು ರಟ್ಟಿನ ಪುಸ್ತಕ, ಮೂಲೆಗಳು ಸವೆದು ದುಂಡಗಾಗಿವೆ. ವರ್ಷಕ್ಕೊಂದು ಪುಟ. ಬೀಜ, ಗೊಬ್ಬರ, ಎಣ್ಣಿ (ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಾರೆ), ಕೂಲಿ, ಗಾಡಿ ಬಾಡಿಗೆ, ಬಂದ ಮಾಲು, ಮಾರಿದ ದರ. ಪುಟದ ಕೊನೆಗೆ ಎಕರೆಗೆ ಉಳಿದದ್ದು ಎಷ್ಟು ಅಂತ ಒಂದು ಗೆರೆ. ಅದರ ಕೆಳಗೆ ಇನ್ನೊಂದು ಸಂಖ್ಯೆ ಇರುತ್ತಿತ್ತು, ಅದೇನು ಅಂತ ನನಗೆ ತಿಳಿಯಲಿಲ್ಲ. 2013ರ ಪುಟದಲ್ಲಿ 'ಉಳಿದದ್ದು 9,000', ಕೆಳಗೆ '75'. 2020ರ ಪುಟದಲ್ಲಿ 'ಉಳಿದದ್ದು 15,000', ಕೆಳಗೆ '50'.

"ಇದೇನ್ ಕಾಕಾ?"

"ಆಳು. ಆಗ ಆಳಿಗೆ 120 ಇತ್ತು, ಒಂಬತ್ ಸಾವಿರಕ್ಕ 75 ಆಳ್ ಬರ್ತಿದ್ರು. ಈಗ 300 ಆಗ್ಯದ. ಹದಿನೈದ್ ಸಾವಿರಕ್ಕ 50 ಆಳು. ಹಂಗಾದ್ರ ಯಾವ ವರ್ಷ ಚಲೋ ಇತ್ತು?"

ನಾನು ಎಂಬಿಎ ಓದಿದವನು. ಹಣದುಬ್ಬರಕ್ಕೆ ಹೊಂದಿಸಿದ ಗಳಿಕೆ ಅನ್ನೋದನ್ನು ಎರಡು ಸೆಮಿಸ್ಟರ್ ಓದಿ ಪಾಸಾಗಿದ್ದೇನೆ. ಅದನ್ನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ ಪೆನ್ಸಿಲಿನಲ್ಲಿ ಮಾಡಿಟ್ಟಿದ್ದ. ಹಳೇ ವರ್ಷಗಳ ರೂಪಾಯಿಯನ್ನು ಇವತ್ತಿನ ರೂಪಾಯಿ ಜೊತೆ ಹಾಗೇ ಕೂಡಿಸಿದ್ರೆ ಲೆಕ್ಕ ಸುಳ್ಳಾಗುತ್ತೆ, ಮೊದಲು ಎರಡನ್ನೂ ಒಂದೇ ಅಳತೆಗೆ ತರಬೇಕು. ಆಮೇಲೆ ಸರಾಸರಿ. ಕಾಕಾ ಹತ್ತು ವರ್ಷದ ಆಳುಗಳನ್ನು ಕೂಡಿ ಹತ್ತರಿಂದ ಭಾಗಿಸಿ, ಬಂದದ್ದನ್ನು ಆ ವರ್ಷದ ಕೂಲಿಯಿಂದ ಗುಣಿಸಿ, ಅದರಲ್ಲಿ ತನಗೆಷ್ಟು ಮಿಗಬೇಕು ಅಂತ ಕಳೆದು 12 ಸಾವಿರಕ್ಕೆ ನಿಂತಿದ್ದ. ಧೈರ್ಯ ಕಮ್ಮಿ ಆಗಿ ಅಲ್ಲ.

ಇದೇ ಕೆಲಸವನ್ನು ಷೇರುಪೇಟೆಯಲ್ಲಿ ಮೊದಲು ಒತ್ತಿ ಹೇಳಿದವರಲ್ಲಿ ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ ಇದ್ದಾರೆ. 1934ರ 'ಸೆಕ್ಯುರಿಟಿ ಅನಾಲಿಸಿಸ್' ಪುಸ್ತಕದಲ್ಲಿ, ಲಾಭವನ್ನು ಕನಿಷ್ಠ ಐದು ವರ್ಷ, ಸಾಧ್ಯವಾದರೆ ಏಳರಿಂದ ಹತ್ತು ವರ್ಷದ ಸರಾಸರಿಯಾಗಿ ನೋಡಿ ಅಂದರು. 1929ರ ಕುಸಿತದಲ್ಲಿ ಗ್ರಹಾಂ ಸ್ವತಃ ಕೈ ಸುಟ್ಟುಕೊಂಡಿದ್ದರು, ಹಾಗಾಗಿ ಆ ಮಾತಿಗೆ ತೂಕ ಇತ್ತು. ಜಾನ್ ಕ್ಯಾಂಪ್‌ಬೆಲ್ ಮತ್ತು ರಾಬರ್ಟ್ ಶಿಲ್ಲರ್ 1988ರಲ್ಲಿ ಇದಕ್ಕೆ ಹಣದುಬ್ಬರದ ಹೊಂದಾಣಿಕೆ ಸೇರಿಸಿ ಇಡೀ ಅಮೆರಿಕದ ಮಾರುಕಟ್ಟೆಗೆ ಹಚ್ಚಿದರು. ಹತ್ತು ವರ್ಷದ ಲಾಭವನ್ನೆಲ್ಲ ಇವತ್ತಿನ ಬೆಲೆಗೆ ತಂದು ಸರಾಸರಿ ಮಾಡಿ, ಅದರಿಂದ ಇವತ್ತಿನ ಷೇರು ಬೆಲೆಯನ್ನು ಭಾಗಿಸೋದು. ಇದಕ್ಕೆ ಕೇಪ್ ಅನುಪಾತ ಅಂತ ಹೆಸರು, ಶಿಲ್ಲರ್ ಪಿಇ ಅಂತಲೂ ಕರೀತಾರೆ. ಶಿಲ್ಲರ್ ಅವರಿಗೆ 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಕೇಪ್ ಹುಟ್ಟಿದ್ದು ಇಡೀ ಮಾರುಕಟ್ಟೆಗೆ. ಆದರೆ ಒಂದೊಂದೇ ಕಂಪನಿಗೆ ಹಚ್ಚೋದೇ ಗ್ರಹಾಂ ಅವರ ಮೂಲ ಉದ್ದೇಶ, ನಮಗೆ ಬೇಕಾಗಿರೋದೂ ಅದೇ.

ಮೊಬೈಲಿನಲ್ಲೇ ಮಾಡಬಹುದು

ಬೇಕಾಗೋದು ಎರಡೇ ಸಾಮಾನು. ಒಂದು, ಕಂಪನಿಯ ಹತ್ತು ವರ್ಷದ ನಿವ್ವಳ ಲಾಭ. ವಾರ್ಷಿಕ ವರದಿಗಳಲ್ಲಿ ಇರುತ್ತೆ, ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲೂ ಪುಕ್ಕಟೆ ಸಿಗುತ್ತೆ. ಎರಡು, ಕೇಂದ್ರ ಸರ್ಕಾರದ ಗ್ರಾಹಕ ಬೆಲೆ ಸೂಚ್ಯಂಕ. 2012ನ್ನು 100 ಅಂತ ಹಿಡಿದ ಸರಣಿಯಲ್ಲಿ ಅದರ ವಾರ್ಷಿಕ ಸರಾಸರಿ 2016-17ರಲ್ಲಿ ಸುಮಾರು 130.3 ಇತ್ತು, 2024-25ರಲ್ಲಿ 192.6. ಭಾಗಿಸಿದರೆ 1.48. ಅಂದ್ರೆ 2016-17ರ 100 ರೂಪಾಯಿ 2024-25ರ 148 ರೂಪಾಯಿಗೆ ಸಮ.

ಇಲ್ಲೊಂದು ಎಚ್ಚರಿಕೆ. ನೆಟ್‌ನಲ್ಲಿ ಹುಡುಕಿದರೆ ಆದಾಯ ತೆರಿಗೆ ಇಲಾಖೆಯ ವೆಚ್ಚ ಹಣದುಬ್ಬರ ಸೂಚ್ಯಂಕ ಕೂಡ ಕಣ್ಣಿಗೆ ಬೀಳುತ್ತೆ. 2016-17ಕ್ಕೆ 264, 2024-25ಕ್ಕೆ 363. ಚೆಂದವಾಗಿ, ವರ್ಷವಾರು, ಒಂದೇ ಪಟ್ಟಿಯಲ್ಲಿ ಇರುತ್ತೆ. ಆದರೆ ಅದು ಬೆಲೆ ಏರಿಕೆಯ ಮುಕ್ಕಾಲು ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯೋದು, ತೆರಿಗೆಗೆ ಅಂತ ಮಾಡಿದ್ದು. 1.48 ಬರಬೇಕಾದಲ್ಲಿ 1.38 ಬರುತ್ತೆ. ಅದನ್ನು ಬಳಸಬೇಡಿ.

ಜೆಎಸ್‌ಡಬ್ಲ್ಯು ಸ್ಟೀಲ್‌ಗೆ ಹಚ್ಚೋಣ. 2016-17ರ 3,500 ಕೋಟಿ ಇವತ್ತಿನ ರೂಪಾಯಿಯಲ್ಲಿ ಸುಮಾರು 5,200 ಕೋಟಿ ಆಗುತ್ತೆ. 2018-19ರ 7,600 ಕೋಟಿ 10,500 ಆಗುತ್ತೆ. ಆ ಶಿಖರದ ವರ್ಷದ 20,700 ಕೋಟಿ 24,300 ಆಗುತ್ತೆ. ಹೀಗೇ ಒಂಬತ್ತೂ ವರ್ಷದ್ದನ್ನು ತಂದು ಕೂಡಿದರೆ ಸುಮಾರು 81,000 ಕೋಟಿ, ಸರಾಸರಿ ವರ್ಷಕ್ಕೆ 9,000 ಕೋಟಿ. ಕಂಪನಿಯ ಷೇರುಗಳು ಸುಮಾರು 244 ಕೋಟಿ. ಷೇರಿಗೆ 37 ರೂಪಾಯಿ. 1,063ನ್ನು 37ರಿಂದ ಭಾಗಿಸಿ: 29.

ಆ್ಯಪ್ 74 ಅಂದಿತ್ತು, ನಮ್ಮ ಲೆಕ್ಕ 29 ಅನ್ನುತ್ತೆ. ಹಣದುಬ್ಬರ ಹೊಂದಿಸದೆ ಬರೀ ಸರಾಸರಿ ತೆಗೆದಿದ್ದರೆ 35 ಬರ್ತಿತ್ತು.

ಇದಕ್ಕಿಂತ ಮುಖ್ಯ 2022ರ ಮಾರ್ಚಿನದ್ದು, ನನ್ನಂಥವರು ಗುಂಡಿಗೆ ಬಿದ್ದ ಹೊತ್ತಿನದ್ದು. 2016-17ರಿಂದ ಲೆಕ್ಕ ಹಿಡಿದರೆ ಆಗ ಸಿಗೋದು ಆರು ವರ್ಷ, ಅಷ್ಟನ್ನೇ ಆ ವರ್ಷದ ರೂಪಾಯಿಗೆ ತಂದರೂ ಷೇರಿಗೆ ಸರಾಸರಿ ಸುಮಾರು 37 ರೂಪಾಯಿಯೇ ಬರುತ್ತೆ. ಬೆಲೆ 733. ಅನುಪಾತ ಇಪ್ಪತ್ತರ ಹತ್ತಿರ. ಎಂಟೂವರೆ ಅಲ್ಲ! ಇದನ್ನು ತಿರುಗಿಸಿ ನೋಡಿದರೆ ಇನ್ನೂ ಸ್ಪಷ್ಟ. ಪಿಇ ಎಂಟೂವರೆ ಅಂದ್ರೆ ನೀವು ಹಾಕಿದ 100 ರೂಪಾಯಿಗೆ ಕಂಪನಿ ವರ್ಷಕ್ಕೆ 12 ರೂಪಾಯಿ ಗಳಿಸುತ್ತೆ ಅನ್ನೋ ಆಸೆ. ಅನುಪಾತ 20 ಅಂದ್ರೆ 5 ರೂಪಾಯಿ. ನಾನು ಹನ್ನೆರಡರ ಆಸೆಗೆ ಐದರ ಮಾಲು ತಗೊಂಡಿದ್ದೆ. ನನ್ನ ಕಂಪನಿ ಬೇರೆ, ಆದರೆ ಲೋಹದ ಕಂಪನಿಗಳ ಪಾಡೆಲ್ಲ ಹೆಚ್ಚೂಕಮ್ಮಿ ಹೀಗೇ ಇತ್ತು.

ಹಣದುಬ್ಬರದ ಹೊಂದಾಣಿಕೆ ಬರೀ ಷೇರಿಗಲ್ಲ, ಒಮ್ಮೆ ಅಭ್ಯಾಸ ಆದರೆ ಎಲ್ಲದಕ್ಕೂ ಹಚ್ಚಿ ನೋಡೋ ಚಟ ಹತ್ತುತ್ತೆ. ತೊಗರಿಯ ಬೆಂಬಲ ಬೆಲೆ 2016-17ರಲ್ಲಿ ಬೋನಸ್ ಸೇರಿ 5,050 ರೂಪಾಯಿ ಇತ್ತು, 2024-25ರಲ್ಲಿ 7,550. ಎರಡೂವರೆ ಸಾವಿರ ಏರಿದೆ ಅಂತ ಅನ್ನಿಸುತ್ತೆ. ಹಳೇ 5,050ನ್ನು ಇವತ್ತಿನ ರೂಪಾಯಿಗೆ ತಂದರೆ ಸುಮಾರು 7,460 ಆಗುತ್ತೆ. ಎಂಟು ವರ್ಷದಲ್ಲಿ ತೊಗರಿ ರೈತನಿಗೆ ನಿಜವಾಗಿ ಏರಿದ್ದು ಕ್ವಿಂಟಲಿಗೆ 90 ರೂಪಾಯಿ. ಹತ್ತಿಯದು ಪರವಾಗಿಲ್ಲ, ಉದ್ದೆಳೆಯ ಹತ್ತಿ 4,160ರಿಂದ 7,521ಕ್ಕೆ ಬಂದಿದೆ, ಹಣದುಬ್ಬರ ಕಳೆದರೂ ಏನೋ ಸ್ವಲ್ಪ ಮಿಕ್ಕುತ್ತೆ. ಇನ್ನು ಇನ್ಫೋಸಿಸ್: 2015-16ರಲ್ಲಿ ಲಾಭ ಸುಮಾರು 13,500 ಕೋಟಿ, 2024-25ರಲ್ಲಿ 26,700 ಕೋಟಿ. 'ದುಪ್ಪಟ್ಟು' ಅಂತ ಹೆಡ್‌ಲೈನ್ ಹಾಕಬಹುದು. ಹಳೆಯದನ್ನು ಇವತ್ತಿನ ರೂಪಾಯಿಗೆ ತಂದರೆ 20,900 ಕೋಟಿ, ನಿಜವಾದ ಏರಿಕೆ ಒಂಬತ್ತು ವರ್ಷಕ್ಕೆ ಶೇ 28ರ ಆಸುಪಾಸು. ನಿಮ್ಮ ಸಂಬಳದ ಮೇಲೂ ಪ್ರಯೋಗ ಮಾಡಿ ನೋಡಿ. ಮೂರೂವರೆ ಲಕ್ಷಕ್ಕೆ 2015-16ರಲ್ಲಿ ಕೆಲಸಕ್ಕೆ ಸೇರಿದವರಿಗೆ ಅದು ಈಗ 5 ಲಕ್ಷ 40 ಸಾವಿರ. ಅದಕ್ಕಿಂತ ಮೇಲೆ ಎಷ್ಟಿದೆಯೋ ಅಷ್ಟೇ ಹೈಕು. (ನಾನು ಮಾಡಿ ನೋಡಿದೆ. ಆ ದಿನ ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.)

ಎಲ್ಲಿ ಕೈಕೊಡುತ್ತೆ

ಇಷ್ಟು ಹೇಳಿ ಬಿಟ್ಟರೆ ಕೇಪ್ ಒಂದು ಮಂತ್ರದಂಡ ಅನ್ನಿಸಬಹುದು. ಅಲ್ಲ. ನಾನು ಮೇಲೆ ಹಾಕಿದ ಲೆಕ್ಕದಲ್ಲೇ ಮೂರು ತೂತುಗಳಿವೆ.

ಒಂದು, ಹತ್ತು ವರ್ಷದ ಬದಲು ಒಂಬತ್ತೇ ವರ್ಷ ತಗೊಂಡೆ. 2016-17ರಿಂದ ದೊಡ್ಡ ಕಂಪನಿಗಳ ಲೆಕ್ಕಪತ್ರ ಪದ್ಧತಿಯೇ ಬದಲಾಯಿತು, ಹಿಂದಿನ ವರ್ಷದ ಸಂಖ್ಯೆಗಳು ಇದರ ಜೊತೆ ಸರಿಯಾಗಿ ಕೂರಲ್ಲ. ಆದರೆ 2015-16ರಲ್ಲಿ ಚೀನಾದ ಅಗ್ಗದ ಉಕ್ಕು ನುಗ್ಗಿ ಈ ಕಂಪನಿ ನಷ್ಟದಲ್ಲಿತ್ತು. ಆ ವರ್ಷವನ್ನೂ ಸೇರಿಸಿದರೆ ಸರಾಸರಿ ಇಳಿದು ಅನುಪಾತ 29ಕ್ಕಿಂತ ಮೇಲೆ ಹೋಗುತ್ತೆ. ನಷ್ಟದ ವರ್ಷವನ್ನು ಬಿಟ್ಟು ಲಾಭದ ವರ್ಷಗಳನ್ನಷ್ಟೇ ಆರಿಸಿಕೊಳ್ಳೋ ಆಸೆ ಎಲ್ಲರಿಗೂ ಬರುತ್ತೆ. ಬರಗಾಲದ ಪುಟ ಹರಿದು ಹಾಕಿದ ನೋಟ್‌ಬುಕ್ಕಿನಿಂದ ಲಾವಣಿ ಕಟ್ಟಿದ ಹಾಗೆ ಆಗುತ್ತೆ ಅದು.

ಎರಡು, ಇದು ಹಳೇ ತೂತಿನ ಎದುರು ದಿಕ್ಕಿನದು. 2016-17ರಲ್ಲಿ ಕಂಪನಿಯ ಉತ್ಪಾದನಾ ಸಾಮರ್ಥ್ಯ ವರ್ಷಕ್ಕೆ 1.8 ಕೋಟಿ ಟನ್. ಈಗ ಅದರ ಸುಮಾರು ದುಪ್ಪಟ್ಟು, 2021ರಲ್ಲಿ ಭೂಷಣ್ ಪವರ್ ಆ್ಯಂಡ್ ಸ್ಟೀಲನ್ನೂ ತೆಕ್ಕೆಗೆ ತಗೊಂಡಿದೆ. ಆರು ಎಕರೆ ಇದ್ದಾಗಿನ ಬೆಳೆಯನ್ನೂ ಹನ್ನೆರಡು ಎಕರೆಯ ಬೆಳೆಯನ್ನೂ ಕೂಡಿಸಿ ಸರಾಸರಿ ತೆಗೆದರೆ ಇವತ್ತಿನ ಹೊಲದ ಶಕ್ತಿ ಕಮ್ಮಿ ಕಾಣುತ್ತೆ. ಹಾಗಾಗಿ ಬೆಳೆಯುವ ಕಂಪನಿಗಳನ್ನು ಕೇಪ್ ಯಾವಾಗಲೂ ನಿಜಕ್ಕಿಂತ ತುಟ್ಟಿ ತೋರಿಸುತ್ತೆ. ಕಾಕಾ ಎಕರೆ ಲೆಕ್ಕ ಹಿಡಿಯೋದು ಇದಕ್ಕೇ. ಹಾಗೆಯೇ ಟನ್ನಿಗೆ ಎಷ್ಟು ಲಾಭ ಅಂತ ತೆಗೆದು ಇವತ್ತಿನ ಟನ್ನಿಗೆ ಗುಣಿಸಿ ನೋಡೋದೂ ಉಂಟು. ಅದರ ಜೊತೆಗೆ ಸಾಲ ಎಷ್ಟು ಏರಿದೆ ಅನ್ನೋದನ್ನೂ ನೋಡಬೇಕು, ಸಾಲ ಮಾಡಿ ಹೊಲ ಕೊಂಡವರ ಬೆಳೆಯಲ್ಲಿ ಬಡ್ಡಿಯವರ ಪಾಲೂ ಇರುತ್ತೆ.

ಮೂರು, ಒಂದು ಸಲದ ಲಾಭ-ನಷ್ಟಗಳು. ಜಾಗ ಮಾರಿ ಬಂದ ಹಣ, ಯಾವುದೋ ವಿದೇಶಿ ಘಟಕದ ಮೌಲ್ಯ ತಗ್ಗಿಸಿ ಬರೆದ ನಷ್ಟ. ಅಮೆರಿಕದಲ್ಲಿ ಜೆರೆಮಿ ಸೀಗಲ್ ಅವರಂಥವರು ಕೇಪ್ ಮೇಲೆ ಹಾಕಿದ ದೊಡ್ಡ ಆಕ್ಷೇಪ ಇದೇ. ಲೆಕ್ಕಪತ್ರದ ನಿಯಮ ಬದಲಾದ ಮೇಲೆ ಕಂಪನಿಗಳು ಇಂಥ ನಷ್ಟವನ್ನು ಹೆಚ್ಚು ಹೆಚ್ಚು ಬರೆಯೋಕೆ ಶುರು ಮಾಡಿದವು, ಹಾಗಾಗಿ ಹಳೇ ಸರಾಸರಿಗೂ ಹೊಸದಕ್ಕೂ ಹೋಲಿಕೆ ಸರಿಯಾಗಲ್ಲ ಅಂತ.

ಇನ್ನು ಸಣ್ಣಪುಟ್ಟವು. ಒಂದು ಷೇರಿಗೆ ಎಷ್ಟು ಅನ್ನೋ ಹಳೇ ಸಂಖ್ಯೆಗಳನ್ನು ಕಣ್ಣುಮುಚ್ಚಿ ತಗೊಳ್ಳಬೇಡಿ. ಇನ್ಫೋಸಿಸ್ 2014, 2015, 2018ರಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿದೆ, ಜೆಎಸ್‌ಡಬ್ಲ್ಯು 2017ರ ಜನವರಿಯಲ್ಲಿ ಹತ್ತು ರೂಪಾಯಿ ಮುಖಬೆಲೆಯ ಷೇರನ್ನು ಹತ್ತಾಗಿ ಸೀಳಿತು. ಒಟ್ಟು ಲಾಭವನ್ನೇ ಸರಾಸರಿ ಮಾಡಿ ಕೊನೆಗೆ ಇವತ್ತಿನ ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಈ ತಲೆನೋವಿಲ್ಲ. ಮೊನ್ನೆ ಮೊನ್ನೆ ಐಪಿಒ ಬಂದ ಕಂಪನಿಗೆ ಹತ್ತು ವರ್ಷದ ಇತಿಹಾಸವೇ ಇರಲ್ಲ, ಅಲ್ಲಿ ಈ ಲೆಕ್ಕ ನಡೆಯಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು: ಯಾವಾಗ ಏರುತ್ತೆ, ಯಾವಾಗ ಬೀಳುತ್ತೆ ಅಂತ ಕೇಪ್ ಹೇಳಲ್ಲ. 1996ರ ಡಿಸೆಂಬರಿನಲ್ಲಿ ಕ್ಯಾಂಪ್‌ಬೆಲ್ ಮತ್ತು ಶಿಲ್ಲರ್ ಅಮೆರಿಕದ ಕೇಂದ್ರ ಬ್ಯಾಂಕಿನ ಮುಂದೆ ಮಾರುಕಟ್ಟೆ ಅತಿ ತುಟ್ಟಿ ಅಂತ ಹೇಳಿದರು. ಆಮೇಲೂ ಮೂರು ವರ್ಷ ಮಾರುಕಟ್ಟೆ ಏರುತ್ತಲೇ ಹೋಯಿತು, 1999ರ ಕೊನೆಗೆ ಕೇಪ್ 44 ಮುಟ್ಟಿತು. ಬಿದ್ದದ್ದು 2000ದಲ್ಲಿ. ಅವರ ಮಾತು ಕೇಳಿ 1996ರಲ್ಲೇ ಮಾರಿದವರು ಮೂರು ವರ್ಷ ನೆರೆಹೊರೆಯವರ ಮುಖ ನೋಡಲಾರದೆ ಕೂತಿರಬೇಕು. ನಮ್ಮ ತೋರಣಗಲ್ಲಿನ ಷೇರನ್ನೇ ನೋಡಿ, 2022ರ ಮಾರ್ಚಿನಲ್ಲಿ 733ಕ್ಕೆ ಕೊಂಡು ಸುಮ್ಮನಿದ್ದವರಿಗೆ ಮೂರು ವರ್ಷದ ಮೇಲೆ 1,063 ಬಂತು. ನಾನು ಕೊಂಡದ್ದೂ ಆಮೇಲೆ ಚೇತರಿಸಿಕೊಂಡಿತು. ನನ್ನ ತಪ್ಪು ಲೆಕ್ಕದ್ದಷ್ಟೇ ಅಲ್ಲ. ಜುಲೈಗೆ ಬೇಕಾದ ದುಡ್ಡನ್ನು ಏಪ್ರಿಲಿನಲ್ಲಿ ಬಿತ್ತಿದ್ದೆ.

ನಾಲ್ಕು ಲಕ್ಷ

2025ರ ಯುಗಾದಿಗೆ ಕಾಕಾ ನಾಲ್ಕು ಲಕ್ಷ ರೂಪಾಯಿ ಇದೆ ಅಂದ. ತೊಗರಿ, ಹತ್ತಿ ಎರಡರಿಂದ ನಾಲ್ಕೈದು ವರ್ಷದಲ್ಲಿ ಒಟ್ಟಾದದ್ದು. "ತೋರಣಗಲ್ ಫ್ಯಾಕ್ಟ್ರಿದು ಶೇರ್ ಸಿಗ್ತಾವಂತಲ್ಲ? ನಮ್ಮ ಹುಡುಗ್ರು ಅಲ್ಲೇ ದುಡೀತಾರ. ಅದ್ರಾಗ ಹಾಕಿದ್ರ ಹ್ಯಾಂಗ?"

ನನಗೆ ಎದೆ ಧಸಕ್ಕೆಂದಿತು. ನನ್ನ ದುಡ್ಡು ಹೋದಾಗ ಆಗದ ಭಯ. ಮೇ ತಿಂಗಳಲ್ಲಿ ವರ್ಷದ ಲೆಕ್ಕ ಬರುತ್ತೆ, ಅಲ್ಲಿತನಕ ತಡಿ ಅಂದೆ. ಲೆಕ್ಕ ಬಂದ ಮೇಲೆ ಒಂದು ಶನಿವಾರ ರಾತ್ರಿ ಗಾಡಿ ಹತ್ತಿ ಬಂದು, ಮೇಲೆ ಬರೆದ ಎಲ್ಲವನ್ನೂ ಕಾಕಾನ ಮುಂದೆ ಹಾಳೆಯಲ್ಲಿ ಹಾಕಿ ತೋರಿಸಿದೆ. 74 ಅಲ್ಲ, 29. ತಿರುಗಿಸಿದರೆ ನೂರಕ್ಕೆ ಸುಮಾರು ಮೂರೂವರೆ.

"ನೂರಕ್ಕ ಮೂರೂವರಿ? ಬ್ಯಾಂಕಿನಾಗೇ ಆರೂವರಿ, ಏಳು ಕೊಡ್ತಾರಲ್ಲೋ!"

ಇದನ್ನು ಬಹಳ ಜನ ಕೇಳ್ತಾರೆ, ಹಾಗಾಗಿ ಇಲ್ಲೂ ಬರೀತೀನಿ. ಬ್ಯಾಂಕಿನ ಏಳರಲ್ಲಿ ಹಣದುಬ್ಬರ ಕಳೆದಿಲ್ಲ. 2024-25ರ ಹಣದುಬ್ಬರ ಶೇ 4.6. ಕಳೆದರೆ ಉಳಿಯೋದು ಎರಡು, ಎರಡೂವರೆ. ಕೇಪ್‌ನಿಂದ ಬಂದ ಮೂರೂವರೆ ಹಣದುಬ್ಬರ ಕಳೆದ ಮೇಲಿನದು. ಹಾಗಾಗಿ ಹೋಲಿಸಬೇಕಾದ್ದು ಎರಡೂವರೆಗೂ ಮೂರೂವರೆಗೂ. ಆದರೆ ಬ್ಯಾಂಕಿನದ್ದು ಕೈಗೆ ಬರೋ ದುಡ್ಡು. ಕಂಪನಿಯದ್ದು ಅದರ ಗಳಿಕೆ ಅಷ್ಟೇ, ಅದರಲ್ಲಿ ನಮ್ಮ ಕೈಗೆ ಡಿವಿಡೆಂಡ್ ಅಂತ ಬರೋದು ಒಂದು ತುಣುಕು, ಉಳಿದದ್ದು ಹೊಸ ಕುಲುಮೆಗೆ ಹೋಗುತ್ತೆ. ಅದು ಮುಂದೆ ಫಲ ಕೊಡಬಹುದು, ಕೊಡದೆಯೂ ಇರಬಹುದು.

ಕಾಕಾ ಹಾಳೆಯನ್ನು ಬಹಳ ಹೊತ್ತು ನೋಡಿದ. 20,700ರ ಮೇಲೆ ಬೆರಳಿಟ್ಟು, "ಇದು ಹತ್ತಿ ಹತ್ತ್ ಸಾವಿರ ಆಗಿದ್ ವರ್ಷದ್ದೇ ಅಲ್ಲಾ?" ಅಂದ. ಹೌದು, ಅದೇ ವರ್ಷ. "ಆ ಹೊಲ ಹಿಡಿದಿದ್ನಲ್ಲ, ಎರಡ್ ವರ್ಷಕ್ಕ ಬಿಟ್ಟು ಬಂದ" ಅಂತ ಒಂದು ಮಾತು ಸೇರಿಸಿದ. ಅದರಲ್ಲಿ ಖುಷಿ ಏನೂ ಇರಲಿಲ್ಲ. ಬಿಟ್ಟು ಬಂದವನು ನಮ್ಮ ಓಣಿಯವನೇ.

ಕೊನೆಗೆ ಎರಡು ಲಕ್ಷ ಬ್ಯಾಂಕಿಗೆ ಹೋಯಿತು. ಉಳಿದದ್ದರಲ್ಲಿ ಹೊಲಕ್ಕೆ ಹನಿ ನೀರಾವರಿ ಪೈಪು ಹಾಕಿಸೋದು ಅಂತಾಯಿತು. ನಾನು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಕರೆದು, "ಒಂದ್ ಹತ್ತ್ ಸಾವಿರದ್ದು ತಗೊ. ಏನ್ ಆಗ್ತದ ನೋಡೋಣ" ಅಂದ. ಬೆಲೆ ಆಗ ಸಾವಿರದ ಆಸುಪಾಸಿನಲ್ಲಿತ್ತು. ಒಂಬತ್ತು ಷೇರು ಬಂದವು.

ಅದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಆಗಿದೆ. ತಾರೀಖು, ಕೊಂಡ ದರ, ಷೇರಿಗೆ 37 ರೂಪಾಯಿ ಅನ್ನೋ ನನ್ನ ಸರಾಸರಿ. ಕೆಳಗೆ ಗೆರೆ ಎಳೆದು, ಆ ದಿನದ ಕೂಲಿ 350 ಅಂತ ಬರೆದು, ಮುಂದೆ: '1 ಶೇರು, 3 ಆಳು.'